ಕಲ್ಯಾಣಕ್ಕೆ ಅನ್ನ ಕೊಟ್ಟ ಹೊಲಗಳು

ಹುಮನಾಬಾದ್ ತಾಲೂಕಿನ ಜಲಸಂಗ್ವಿಯ ಗುಡಿಗೋಡೆಯಲ್ಲಿ ಕಲ್ಲಿನ ಹೆಣ್ಣೊಬ್ಬಳು ನಿಂತು ಬರೆಯುತ್ತಿದ್ದಾಳೆ. ಒಂಬತ್ತು ನೂರು ವರ್ಷಗಳಿಂದ ಅವಳ ಕೈ ಕೆಳಗಿಳಿದಿಲ್ಲ. ಅವಳು ಬರೆದದ್ದು ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಹೊಗಳಿಕೆ. 1076ರಿಂದ 1126ರವರೆಗೆ ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ ಆಳಿ, ತನ್ನ ಹೆಸರಿನಲ್ಲೇ ಒಂದು ಶಕೆ ಆರಂಭಿಸಿದ ಅರಸ ಅವನು. ನೋಡಲು ಬಂದವರು ಅವಳ ನಿಲುವಿಗೆ, ಬೆರಳಿನ ಮಾಟಕ್ಕೆ ಬೆರಗಾಗುತ್ತಾರೆ. ಊರಾಚೆ ಕಾಲಿಟ್ಟರೆ ಮಳೆಗಾಲದಲ್ಲಿ ಸೋಯಾ, ತೊಗರಿ. ಚಳಿಗಾಲದಲ್ಲಿ ಕಡಲೆ, ಜೋಳ. ಆ ಹೊಲಗಳ ಬಗ್ಗೆ ಅವಳು ಒಂದಕ್ಷರವನ್ನೂ ಬರೆದಿಲ್ಲ.

ಕಲ್ಯಾಣದ ಚರಿತ್ರೆ ಬರೆದವರ ಗಮನವೂ ಬಹಳ ಕಾಲ ಅವಳು ನೋಡಿದ ಕಡೆಗೇ ಇತ್ತು. ಅರಸರ ವಂಶಾವಳಿ, ಯುದ್ಧ, ಗುಡಿಗಳ ಶಿಲ್ಪ, ಶರಣರ ಚಳವಳಿ, ಬಿಜ್ಜಳನ ಕೊನೆಯ ದಿನಗಳು ಎಲ್ಲವನ್ನೂ ವಿದ್ವಾಂಸರು ಹಲವು ಸಲ ಬಗೆದು ನೋಡಿದ್ದಾರೆ. ಆದರೆ ಹನ್ನೊಂದನೇ ಶತಮಾನದ ನಡುವೆ ಒಂದನೇ ಸೋಮೇಶ್ವರ ಮಾನ್ಯಖೇಟದಿಂದ ಇಲ್ಲಿಗೆ ರಾಜಧಾನಿ ತಂದಾಗ ಅದರ ಬೆನ್ನಿಗೆ ಬಂದ ಸೈನ್ಯ, ಆನೆ, ಕುದುರೆ, ವ್ಯಾಪಾರಿ, ಕುಶಲಕರ್ಮಿ, ಮಠಮಾನ್ಯಗಳಿಗೆಲ್ಲ ಊಟ ಎಲ್ಲಿಂದ ಬಂತು? ಊರ ಬಾಗಿಲಲ್ಲಿ ದೊಡ್ಡ ನದಿ ಇಲ್ಲ. ದೋಣಿಯಲ್ಲಿ ಕಾಳು ತರುವಂತಿರಲಿಲ್ಲ. ಎತ್ತಿನ ಬೆನ್ನ ಮೇಲಿನ ಹೇರು ಬಹಳ ದೂರ ನಡೆದರೆ ಕಾಳಿನ ಬೆಲೆಗಿಂತ ಸಾಗಣೆಯ ಖರ್ಚೇ ಹೆಚ್ಚು. ಹಾಗಾಗಿ ಕಲ್ಯಾಣದ ಹೊಟ್ಟೆಯನ್ನು ಬಹುಪಾಲು ತುಂಬಿಸಿದ್ದು ಸುತ್ತಲಿನ ಹೊಲಗಳೇ ಇರಬೇಕು. ಇಂದಿನ ಬಸವಕಲ್ಯಾಣ, ಹುಮನಾಬಾದ್, ಹುಲಸೂರ, ಚಿಟಗುಪ್ಪ ತಾಲೂಕುಗಳ ಹೊಲಗಳು.

ಆ ಹೊಲಗಳ ಚರಿತ್ರೆಯನ್ನು ಯಾವುದರಿಂದ ಬರೆಯುವುದು? ಕಲ್ಲು, ಗ್ರಂಥ, ದಫ್ತರ, ಕೆರೆಯ ಹೂಳು, ರೈತರ ಮಾತು, ಹೀಗೆ ಐದು ಬಗೆಯ ಸಾಕ್ಷ್ಯ ನಮ್ಮ ಮುಂದಿದೆ. ಒಂದೊಂದೂ ಒಂದೊಂದು ಕಡೆ ಮೌನವಾಗುತ್ತದೆ. ಐದನ್ನೂ ಒಂದೇ ಹೊಲದ ಮೇಲೆ ತಂದು ನಿಲ್ಲಿಸಿದಾಗ ಮಾತ್ರ ಆ ನೆಲದ ಕಥೆ ಹೊರಬರುತ್ತದೆ.

ಎರಡು ಮಣ್ಣು, ಎರಡು ಕಡೆಯ ನೀರು

ಮೊದಲು ನೆಲವನ್ನೇ ನೋಡಬೇಕು. ಬೀದರ್‌ನಿಂದ ಹುಮನಾಬಾದ್ ಕಡೆಗೆ ಚಾಚಿದ ಎತ್ತರದ ಬಯಲಿನ ನೆತ್ತಿಯ ಮೇಲೆ ಜಂಬಿಟ್ಟಿಗೆ ಕಲ್ಲಿನ ದಪ್ಪ ಹೊದಿಕೆ ಇದೆ. ಅದು ಸವೆದು ಆದದ್ದೇ ಅಲ್ಲಿನ ಕೆಂಪು ಮಣ್ಣು. ಹೊದಿಕೆ ಹರಿದುಹೋದ ಕಡೆ, ಬಸವಕಲ್ಯಾಣ ತಾಲೂಕಿನ ಬಹುಭಾಗದಲ್ಲಿ, ಕೆಳಗಿನ ಕಪ್ಪು ಬಂಡೆಯಿಂದ ಹುಟ್ಟಿದ ಎರೆ ನೆಲ. ಕೆಂಪು ನೆಲ ಮಳೆಯನ್ನು ಬೇಗ ಕುಡಿದು ಬೇಗ ಬಿಟ್ಟುಕೊಡುತ್ತದೆ. ಎರೆ ಹಾಗಲ್ಲ. ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ನೆನೆದರೆ ಮುಂಗಾರಿನ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು ಒಂದು ಹನಿ ಮಳೆ ಬೀಳದ ಚಳಿಗಾಲದಲ್ಲೂ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುತ್ತದೆ. ಜಿಲ್ಲೆಯ ವರ್ಷದ ಸರಾಸರಿ ಮಳೆ 850 ಮಿ.ಮೀ. ಆಸುಪಾಸು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ಉಳಿದ ತಿಂಗಳು ರೈತನ ಪಾಲಿಗೆ ಮಣ್ಣೇ ಕೆರೆ.

ನೀರು ಹರಿಯುವ ದಿಕ್ಕೂ ಇಲ್ಲಿ ಒಡೆಯುತ್ತದೆ. ಬಸವಕಲ್ಯಾಣ ತಾಲೂಕಿನ ಚುಳುಕಿ ನಾಲಾದ ನೀರು ಗೋದಾವರಿಯ ಪಾಲು. ಅದೇ ತಾಲೂಕಿನ ಮುಲ್ಲಾಮಾರಿ ದಕ್ಷಿಣಕ್ಕೆ ಇಳಿದು ಕಾಗಿಣಾ, ಭೀಮೆಯ ಮೂಲಕ ಕೃಷ್ಣೆ ಸೇರುತ್ತದೆ. ಎರಡು ಮಹಾನದಿಗಳ ನೀರು ಬೇರೆಯಾಗುವ ದಿಬ್ಬದ ಮೇಲೆ ಚಾಲುಕ್ಯರು ರಾಜಧಾನಿ ಕಟ್ಟಿದರು. ಇಂಥ ಕಡೆ ತುಂಬಿ ಹರಿಯುವ ಹೊಳೆ ಸಿಗುವುದಿಲ್ಲ, ಸಿಗುವುದು ಹಳ್ಳ, ಬಾವಿ, ಕೆರೆ ಮತ್ತು ಮಣ್ಣಿನ ಹಸಿ. ಇಲ್ಲಿನ ಬೇಸಾಯವನ್ನು ಕಾವೇರಿ, ತುಂಗಭದ್ರೆಯ ಗದ್ದೆಗಳ ಕಣ್ಣಿನಿಂದ ನೋಡಿದವರು ಇದನ್ನು ಬಡ ನೆಲ ಎಂದುಕೊಂಡರು. ಆ ಎಣಿಕೆ ಸರಿಯಿಲ್ಲ. ಒಂದೂವರೆ ಶತಮಾನದ ಹತ್ತಿರ ಒಂದು ಸಾಮ್ರಾಜ್ಯದ ನೆತ್ತಿಯನ್ನು ಹೊತ್ತ ನೆಲ ಇದು.

ಮಾಯಾ ನಾಡು ಕಲಿಸಿದ ಪಾಠ

ರಾಜಧಾನಿಗೆ ಅನ್ನ ಎಲ್ಲಿಂದ ಬಂತೆಂಬ ಪ್ರಶ್ನೆಯನ್ನು ಭೂಗೋಳದ ಇನ್ನೊಂದು ಬದಿಯಲ್ಲಿ, ಮಧ್ಯ ಅಮೆರಿಕದ ಮಾಯಾ ಜನರ ಬಗ್ಗೆ ವಿದ್ವಾಂಸರು ದಶಕಗಟ್ಟಲೆ ಕೇಳಿದ್ದಾರೆ. ಗ್ವಾಟೆಮಾಲದ ಕಾಡಿನೊಳಗಿನ ಟಿಕಾಲ್‌ನಂಥ ನಗರಗಳು ಏನು ತಿಂದು ಬದುಕಿದವು? ಅಲ್ಲೂ ಕಲ್ಬರಹಗಳು ಅರಸರ ಪಟ್ಟಾಭಿಷೇಕ, ಯುದ್ಧಗಳನ್ನೇ ಹೇಳುತ್ತವೆ. ಮಾಯಾ ಜನರ ಗ್ರಂಥಗಳಲ್ಲಿ ಬಹಳಷ್ಟನ್ನು 1562ರಲ್ಲಿ ಸ್ಪೇನಿನ ಪಾದ್ರಿ ಡಿಯೇಗೊ ದೆ ಲಾಂಡಾ ಸುಡಿಸಿದ. ಕಾಡು ಕಡಿದು, ಸುಟ್ಟು, ಒಂದೆರಡು ಬೆಳೆ ತೆಗೆದು ಮುಂದೆ ಹೋಗುವ ಬೇಸಾಯವಷ್ಟೇ ಅವರಿಗೆ ಗೊತ್ತಿತ್ತು ಎಂಬ ಮಾತೇ ಬಹುಕಾಲ ನಡೆಯಿತು.

ಆ ಮಾತನ್ನು ಬದಲಿಸಿದ್ದು ಮಣ್ಣು. 1970ರ ದಶಕದ ಹೊತ್ತಿಗೆ ಜೌಗಿನ ನಡುವೆ ಎತ್ತರಿಸಿ ಕಟ್ಟಿದ ಹೊಲಗಳು, ಗುಡ್ಡದ ಮೆಟ್ಟಿಲು ಹೊಲಗಳು ಕಣ್ಣಿಗೆ ಬಿದ್ದವು. ಎಲ್ ಸಾಲ್ವಡಾರ್‌ನ ಸೆರೆನ್ ಎಂಬ ಹಳ್ಳಿ ಸುಮಾರು 1400 ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿತ್ತು. ಅಲ್ಲಿ ಮರಗೆಣಸಿನ ಸಾಲುಗಳು ನೆಟ್ಟ ಹಾಗೆಯೇ ಸಿಕ್ಕವು. ಸರೋವರಗಳ ತಳದ ಕೆಸರು ಬರಗಾಲಗಳ ಲೆಕ್ಕ ಕೊಟ್ಟಿತು. 2018ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ವಿಮಾನದಿಂದ ಲೇಸರ್ ಕಿರಣ ಬಿಟ್ಟು ಕಾಡಿನ ಹೊದಿಕೆಯ ಅಡಿಯ ನೆಲ ಅಳೆದಾಗ ಸುಮಾರು 2100 ಚದರ ಕಿ.ಮೀ. ಪ್ರದೇಶದಲ್ಲಿ 60,000ಕ್ಕೂ ಹೆಚ್ಚು ಕಟ್ಟಡಗಳ ಗುರುತು, ಅವುಗಳ ಜೊತೆ ಕಾಲುವೆ, ಮೆಟ್ಟಿಲು ಹೊಲ, ದಾರಿಗಳ ಜಾಲ ಕಂಡಿತು. ನಗರಗಳು ಬರಿದಾದರೂ ಮಾಯಾ ರೈತರು ಮಾಯವಾಗಲಿಲ್ಲ. ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳವನ್ನು ಒಂದೇ ಹೊಲದಲ್ಲಿ ಬೆಳೆಯುವ ಅವರ ಮಿಲ್ಪಾ ಬೇಸಾಯ ಇಂದಿಗೂ ಇದೆ. ಜೋಳದ ನಡುವೆ ತೊಗರಿ, ಹೆಸರು ಹಾಕುವ ನಮ್ಮ ಅಕ್ಕಡಿ ಸಾಲನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಕಲ್ಲು ಹೇಳುವುದು, ಕಲ್ಲು ನುಂಗುವುದು

ಕಲ್ಯಾಣದ ಸೀಮೆಯಲ್ಲಿ ಮೊದಲ ಸಾಕ್ಷಿ ಶಾಸನ. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ.ಬಿ. ದೇಸಾಯಿಯವರು ಸಂಪಾದಿಸಿ 1958ರಲ್ಲಿ ಹೊರತಂದರು. ಅಲ್ಲಿಂದ ಮುಂದೆ ಈ ಭಾಗದ ನೂರಾರು ಕಲ್ಬರಹಗಳು ಓದುಗರಿಗೆ ಸಿಕ್ಕಿವೆ. ಜಿ.ಆರ್. ಕುಪ್ಪುಸ್ವಾಮಿಯವರು 1975ರಲ್ಲಿ ಪ್ರಕಟಿಸಿದ ಕರ್ನಾಟಕದ ಆರ್ಥಿಕ ಸ್ಥಿತಿಗತಿಯ ಅಧ್ಯಯನ 973ರಿಂದ 1336ರವರೆಗಿನ ಕಾಲವನ್ನು ಇಂಥ ಶಾಸನಗಳಿಂದಲೇ ಕಟ್ಟಿಕೊಟ್ಟಿತು.

ದಾನಶಾಸನವೊಂದನ್ನು ಹತ್ತಿರದಿಂದ ನೋಡಿದರೆ ಅದರ ಕ್ರಮ ತಿಳಿಯುತ್ತದೆ. ಮೊದಲು ಅರಸನ ಬಿರುದು, ಆಮೇಲೆ ದಾನ ಕೊಟ್ಟವನು, ಪಡೆದ ಆಚಾರ್ಯ, ತಿಥಿ, ವಾರ, ಗ್ರಹಣ. ಅಷ್ಟೆಲ್ಲ ಆದ ಮೇಲೆ ಕೊನೆಯ ಭಾಗದಲ್ಲಿ ಹೊಲ ಬರುತ್ತದೆ: ಇಂಥ ಊರಿನ ಇಂಥ ದಿಕ್ಕಿನಲ್ಲಿ, ಇಂಥ ಗಳೆಯಲ್ಲಿ ಅಳೆದು ಕೊಟ್ಟ ಇಷ್ಟು ಮತ್ತರು ಎರೆ, ಇಷ್ಟು ಕಮ್ಮ ಹೂದೋಟ, ನಂದಾದೀಪಕ್ಕೆ ಒಂದು ಗಾಣ. ಎಲ್ಲೆ ಹೇಳುವಾಗ ಹಳ್ಳ, ದಾರಿ, ಹುಣಸೆ ಮರ, ನೆಟ್ಟ ಕಲ್ಲು ಬರುತ್ತವೆ. ಇತಿಹಾಸದ ವಿದ್ಯಾರ್ಥಿ ಬಿರುದಾವಳಿಯ ಮೇಲೆ ಕೂರುತ್ತಾನೆ. ನೆಲದ ಚರಿತ್ರೆ ಬೇಕಾದವನು ಕೊನೆಯ ಈ ಸಾಲುಗಳಿಂದ ಓದು ಶುರು ಮಾಡಬೇಕು.

ತೊಡಕು ಇಲ್ಲಿಯೇ ಇದೆ. ಮತ್ತರು ಎಂದರೆ ಎಷ್ಟು? ಅಳತೆಯ ಗಳೆ ಊರಿಂದ ಊರಿಗೆ ಬೇರೆ. ಅದಕ್ಕೇ ಶಾಸನಗಳು ಯಾವ ಗಳೆ ಎಂದು ಹೆಸರಿಸಿ ಹೇಳುತ್ತವೆ, ಕೆಲವು ಗುಡಿಗಳಲ್ಲಿ ಆ ಕೋಲಿನ ಉದ್ದವನ್ನು ಕಲ್ಲಿನಲ್ಲಿ ಕೊರೆದಿದ್ದೂ ಇದೆ. ಹೀಗಾಗಿ ಒಂದು ಊರಿನ ಮತ್ತರನ್ನು ಎಕರೆಗೆ ತಿರುಗಿಸಿ ಇಡೀ ರಾಜ್ಯಕ್ಕೆ ಅನ್ವಯಿಸುವುದು ತಪ್ಪು ಲೆಕ್ಕ. ಅಲಂದೆ ಸಾಸಿರದಂಥ ನಾಡುಗಳ ಹೆಸರಿನ ಬೆನ್ನಿಗಿರುವ ಸಂಖ್ಯೆಯೂ ವಿದ್ವಾಂಸರನ್ನು ಇಬ್ಬಾಗ ಮಾಡಿದೆ. ಅದು ಹಳ್ಳಿಗಳ ಎಣಿಕೆಯೇ, ಕಂದಾಯದ ಲೆಕ್ಕವೇ, ಅಥವಾ ಕಾಲಕ್ರಮದಲ್ಲಿ ಬರೀ ಹೆಸರಾಗಿ ಉಳಿದದ್ದೇ ಎಂಬ ಚರ್ಚೆ ಮುಗಿದಿಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಶಾಸನ ದಾನವಾದ ಹೊಲವನ್ನು ಮಾತ್ರ ಹೆಸರಿಸುತ್ತದೆ. ಯಾರಿಗೂ ದಾನ ಹೋಗದೆ, ಒಕ್ಕಲಿನವನ ಕೈಯಲ್ಲೇ ಉಳಿದು, ವರ್ಷ ವರ್ಷವೂ ಸಿದ್ಧಾಯವೆಂಬ ಕಂದಾಯ ಕಟ್ಟಿದ ಹೊಲಕ್ಕೆ ಕಲ್ಲಿನಲ್ಲಿ ಜಾಗ ಸಿಗಲಿಲ್ಲ. ರಾಜಧಾನಿಯನ್ನು ಸಾಕಿದ್ದು ಹೆಚ್ಚಾಗಿ ಆ ಹೊಲವೇ.

ಗ್ರಂಥದೊಳಗಿನ ಬೆಳೆ

ಕಲ್ಲು ಬಿಟ್ಟ ಜಾಗವನ್ನು ಗ್ರಂಥಗಳು ಸ್ವಲ್ಪ ಮಟ್ಟಿಗೆ ತುಂಬುತ್ತವೆ. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ಎರಡನೇ ಚಾವುಂಡರಾಯ ಸುಮಾರು 1025ರಲ್ಲಿ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ ಮಳೆಯ ಸೂಚನೆ, ಬಾವಿ ತೋಡಲು ನೀರಿನ ಸೆಲೆ ಗುರುತಿಸುವ ಬಗೆ, ಗಿಡಮರಗಳ ಆರೈಕೆ, ಅಡುಗೆ, ದನಗಳ ಚಿಕಿತ್ಸೆ ಎಲ್ಲವನ್ನೂ ಹೇಳುತ್ತದೆ. ಸಿಕಂದರಾಬಾದಿನ ಏಷ್ಯನ್ ಕೃಷಿ ಇತಿಹಾಸ ಪ್ರತಿಷ್ಠಾನ 2006ರಲ್ಲಿ ಇದರ ಇಂಗ್ಲಿಷ್ ಅನುವಾದ ತಂದಾಗ ಹೊರಗಿನವರಿಗೂ ಇದರ ಬೆಲೆ ತಿಳಿಯಿತು. ಅರಮನೆಯ ಆಚೆಗೆ ನೋಡಿ, ಸಾಮಾನ್ಯ ಜನರಿಗೆ ಬೇಕಾದ ತಿಳಿವಳಿಕೆಯನ್ನು ಕನ್ನಡದಲ್ಲೇ ಒಟ್ಟುಗೂಡಿಸಿದ ಈ ಪುಸ್ತಕ ಕೃಷಿ ಇತಿಹಾಸಕ್ಕೆ ಅಪರೂಪದ ಆಸ್ತಿ.

ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ ಅರಸನ ಊಟದ ತಟ್ಟೆಯನ್ನೇ ತೆರೆದು ತೋರಿಸುತ್ತದೆ. ಅಲ್ಲಿ ಬಗೆಬಗೆಯ ಅಕ್ಕಿ ಇದೆ, ಕಡಲೆ, ತೊಗರಿಯಂಥ ಬೇಳೆಗಳ ಪಾಕ ಇದೆ. ಆದರೆ ಭತ್ತ ಈ ಎರೆ ಬಯಲಿನ ಮುಖ್ಯ ಬೆಳೆಯಲ್ಲ. ಆ ಅನ್ನ ಕೆರೆಯ ಕೆಳಗಿನ ಗದ್ದೆಯಿಂದಲೋ ದೂರದ ನಾಡಿನಿಂದಲೋ ಬಂದಿರಬೇಕು. ಅರಸನ ತಟ್ಟೆ ಅವನ ರಾಜ್ಯದ ವಿಸ್ತಾರವನ್ನು ತೋರಿಸುತ್ತದೆ. ಊರಿನ ತಟ್ಟೆಯಲ್ಲಿದ್ದದ್ದು ಬೇರೆ.

ವಿಕ್ರಮಾದಿತ್ಯನ ಆಸ್ಥಾನದಲ್ಲೇ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿಹಂಚಿಕೆಗೆ ಶತಮಾನಗಳ ಕಾಲ ಆಧಾರವಾದ ಗ್ರಂಥ ಅದು. ಭೂಮಿಯ ಹಸ್ತಾಂತರ ಹೇಗಾಗಬೇಕೆಂದು ಹೇಳುವಾಗ ಅದು ಊರಿನವರ, ದಾಯಾದಿಗಳ, ನೆರೆಹೊಲದವರ, ವಾರಸುದಾರರ ಒಪ್ಪಿಗೆಯನ್ನೂ ಚಿನ್ನ ಮತ್ತು ನೀರಿನ ಧಾರೆಯನ್ನೂ ಹೆಸರಿಸುತ್ತದೆ. ನೆಲ ಒಬ್ಬನ ಹೆಸರಿನಲ್ಲಿದ್ದರೂ ಅದರ ಸುತ್ತ ಇಷ್ಟು ಜನರ ಮಾತು ಇತ್ತು. ಇವತ್ತು ಖರೀದಿ ನೋಂದಣಿಗೆ ಹೋದವರು ಚೆಕ್ಕುಬಂದಿಯಲ್ಲಿ ನಾಲ್ಕು ದಿಕ್ಕಿನ ನೆರೆಹೊಲ ಬರೆಸುವಾಗ ಆ ಹಳೆಯ ಏರ್ಪಾಡಿನ ನೆನಪು ಬರುತ್ತದೆ.

ಶರಣರ ಹೆಸರುಗಳನ್ನೇ ಒಂದು ಸಾಲಿನಲ್ಲಿ ಇಟ್ಟರೆ ಹೊಲದಿಂದ ಅಡುಗೆಮನೆವರೆಗಿನ ದಾರಿ ಕಾಣುತ್ತದೆ. ಉಳುವ ಒಕ್ಕಲಿಗ ಮುದ್ದಣ್ಣ, ದನ ಕಾಯುವ ತುರುಗಾಹಿ ರಾಮಣ್ಣ, ಹುಲ್ಲಿನ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ಎಣ್ಣೆ ತೆಗೆಯುವ ಗಾಣದ ಕಣ್ಣಪ್ಪ, ಕಾಳು ಕುಟ್ಟುವ ಕೊಟ್ಟಣದ ಸೋಮಮ್ಮ, ವೀಳ್ಯದೆಲೆ ಮಾರುವ ಎಲೆಗಾರ ಕಾಮಣ್ಣ, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವ ಆಯ್ದಕ್ಕಿ ಮಾರಯ್ಯ. ಶಾಸನದಲ್ಲಿ ದಾನಿ ಮತ್ತು ಆಚಾರ್ಯ ಮಾತಾಡಿದರೆ ಇಲ್ಲಿ ದುಡಿದವರು ಮಾತಾಡುತ್ತಾರೆ. ವಚನಗಳನ್ನು ಕಟ್ಟುಕಟ್ಟಾಗಿ ಸಂಕಲಿಸಿದ್ದು ಬಹುಮಟ್ಟಿಗೆ ನಂತರದ ಶತಮಾನಗಳಲ್ಲಿ. ಹಾಗಾಗಿ ಇವನ್ನು ಹನ್ನೆರಡನೇ ಶತಮಾನದ ಜನಗಣತಿಯಂತೆ ಓದಲಾಗದು. ಆದರೂ ಕಾಯಕ, ದಾಸೋಹ ಎಂಬ ಎರಡು ಮಾತುಗಳ ಹಿಂದೆ ನಿಜವಾದ ಕಣ, ನಿಜವಾದ ಕಾಳು ಇತ್ತು ಎಂಬುದನ್ನು ಈ ಹೆಸರುಗಳಿಗಿಂತ ಚೆನ್ನಾಗಿ ಹೇಳುವ ಸಾಕ್ಷ್ಯ ಇನ್ನೊಂದಿಲ್ಲ.

ದಫ್ತರದ ದಾರಿ

ಹನ್ನೆರಡನೇ ಶತಮಾನದ ಕೊನೆಗೆ ಕಲ್ಯಾಣ ರಾಜಧಾನಿಯಾಗಿ ಉಳಿಯಲಿಲ್ಲ. ಊರು ಕೋಟೆಯಾಯಿತು, ಒಡೆಯರು ಬದಲಾದರು. ಬೇಸಾಯ ನಿಲ್ಲಲಿಲ್ಲ. ಅದನ್ನು ಅಲುಗಾಡಿಸಿದ್ದು ಬರ. ಹದಿನಾಲ್ಕನೇ ಶತಮಾನದ ಕೊನೆಯಲ್ಲಿ ಶುರುವಾಗಿ ಹನ್ನೆರಡು ವರ್ಷ ನಡೆಯಿತೆಂದು ಜನ ನೆನೆದ ದುರ್ಗಾದೇವಿ ಬರದಲ್ಲಿ ದಖ್ಖನಿನ ಹಳ್ಳಿಗಳು ಬರಿದಾದವು. ಬಹಮನಿ ಅರಸರು 1420ರ ದಶಕದಲ್ಲಿ ಬೀದರ್‌ಗೆ ರಾಜಧಾನಿ ತಂದ ಮೇಲೆ ಈ ಸೀಮೆ ಮತ್ತೆ ಒಂದು ದೊಡ್ಡ ಊರನ್ನು ಸಾಕಬೇಕಾಯಿತು. ಹಳ್ಳಿಗಳ ಗಡಿ ಗುರುತಿಸಿ ನೆಲ ಅಳೆಸುವ ಸುಧಾರಣೆಗೆ ಕೈ ಹಾಕಿದವನು, 1481ರಲ್ಲಿ ಕೊಲೆಯಾದ ಮಂತ್ರಿ ಮಹಮೂದ್ ಗಾವಾನ್. ಬೀದರ್‌ನ ಸುರಂಗ ಬಾವಿಗಳೂ ಬಹಮನಿ ಕಾಲದವು. ಜಂಬಿಟ್ಟಿಗೆಯ ಮೂಲಕ ಇಳಿದ ಮಳೆನೀರು ಕೆಳಗಿನ ಗಟ್ಟಿ ಬಂಡೆ ತಾಕಿ ನಿಲ್ಲುವ ಜಾಗವನ್ನು ಹಿಡಿದು, ಇರಾನಿನ ಕರೇಜ್ ಮಾದರಿಯಲ್ಲಿ ನೆಲದಡಿ ಕಾಲುವೆ ಕೊರೆದು ನೀರು ತಂದರು. ಭೂಗೋಳ ವಿದ್ವಾಂಸ ವಿ. ಗೋವಿಂದನ್‌ಕುಟ್ಟಿ ಇವುಗಳ ನಕ್ಷೆ ತೆಗೆದದ್ದು ಇತ್ತೀಚಿನ ಅಧ್ಯಯನಗಳಲ್ಲಿ ಮುಖ್ಯವಾದದ್ದು. ನೀರನ್ನು ತಿಳಿಯಬೇಕಾದರೆ ಕಲ್ಲಿನ ಜಾತಿಯನ್ನು ಮೊದಲು ತಿಳಿಯಬೇಕೆಂದು ಈ ಕೆಲಸ ತೋರಿಸಿತು.

1657ರಲ್ಲಿ ಬೀದರ್, ಕಲ್ಯಾಣ ಎರಡೂ ಔರಂಗಜೇಬನ ವಶವಾದವು. ಮೊಗಲರ ಬೆನ್ನಿಗೆ ಕಾಗದ ಬಂತು. ಹೈದರಾಬಾದಿನ ತಾರ್ನಾಕದ ಪತ್ರಾಗಾರದಲ್ಲಿ ಷಾಜಹಾನ್, ಔರಂಗಜೇಬರ ದಖ್ಖನ್ ಆಡಳಿತದ ದಾಖಲೆಗಳು ಲಕ್ಷದ ಲೆಕ್ಕದಲ್ಲಿವೆ. ನಿಜಾಮರ ಕಾಲಕ್ಕೆ ಈ ಸೀಮೆಯ ನೆಲ ಒಬ್ಬನೇ ಒಡೆಯನ ಕೈಯಲ್ಲಿರಲಿಲ್ಲ. ಕಲ್ಯಾಣ (ಆಗಿನ ಹೆಸರು ಕಲ್ಯಾಣಿ) ನವಾಬರ ಜಾಗೀರು. ಚಿಟಗುಪ್ಪ ನಿಜಾಮರ ಸರದಾರರಾದ ಪೈಗಾ ಮನೆತನದ ತಾಲೂಕಿನ ಕೇಂದ್ರ. ಬೇರೆ ಕಡೆ ಸರ್ಕಾರವೇ ನೇರವಾಗಿ ಕಂದಾಯ ಎತ್ತುತ್ತಿದ್ದ ದಿವಾನಿ ಹಳ್ಳಿಗಳು. ಹೀಗೆ ಅಕ್ಕಪಕ್ಕದ ಎರಡು ಹಳ್ಳಿಗಳ ಲೆಕ್ಕ ಎರಡು ಬೇರೆ ದಫ್ತರಗಳಲ್ಲಿ ಬೆಳೆಯಿತು.

ಭಾಷೆಯೂ ಹಾಗೆಯೇ ಹಂಚಿಹೋಗಿದೆ. ಮೇಲಿನ ಕಚೇರಿಯ ಬರಹ 1884ರವರೆಗೆ ಫಾರಸಿ, ಆಮೇಲೆ ಉರ್ದು. ಹಳ್ಳಿಯ ಕುಲಕರ್ಣಿಯ ಲೆಕ್ಕ ಬಹಳ ಕಡೆ ಮೋಡಿ ಲಿಪಿಯಲ್ಲಿ. ಹೊಲದಲ್ಲಿ ಆಡುವ ಮಾತು ಕನ್ನಡ, ಮರಾಠಿ, ದಖ್ಖನಿ. ಒಂದು ಹೊಲದ ಇಡೀ ಕಥೆ ಬೇಕೆಂದರೆ ಹಳಗನ್ನಡ, ಫಾರಸಿ, ಉರ್ದು, ಮೋಡಿ ನಾಲ್ಕೂ ಓದಬೇಕು. ಇವೆಲ್ಲ ಬಲ್ಲ ಒಬ್ಬ ವ್ಯಕ್ತಿ ಸಿಗುವುದು ಕಷ್ಟ, ಕೂತು ಒಟ್ಟಿಗೆ ಓದುವ ನಾಲ್ವರ ತಂಡ ಕಟ್ಟುವುದು ಅಸಾಧ್ಯವಲ್ಲ. ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ 2014ರ ತಮ್ಮ ಜಂಟಿ ಪುಸ್ತಕದಲ್ಲಿ ಕಲ್ಯಾಣ, ರಾಯಚೂರು, ವಾರಂಗಲ್ ಕೋಟೆಗಳನ್ನು ಹೀಗೆ ಸಂಸ್ಕೃತದ ನೆನಪು, ಫಾರಸಿಯ ಬರಹ ಎರಡನ್ನೂ ಕೂಡಿಸಿ ಓದಿದರು. ಕೋಟೆಗೆ ಸಾಧ್ಯವಾದದ್ದು ಹೊಲಕ್ಕೂ ಸಾಧ್ಯ.

1949ರಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಹೈದರಾಬಾದ್ ಗೇಣಿ ಕಾಯ್ದೆ ಬಂತು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದರ ಉದಗೀರ, ನಿಲಂಗಾ ತಾಲೂಕುಗಳು ಮಾತ್ರ ಒಂದು ಕಡೆ, ಜಹೀರಾಬಾದ್, ನಾರಾಯಣಖೇಡ ಇನ್ನೊಂದು ಕಡೆ ಹೋದವು. ಒಂದೇ ಹಳೆಯ ಜಿಲ್ಲೆಯ ದಾಖಲೆ ಮೂರು ರಾಜ್ಯಗಳಲ್ಲಿ ಹರಡಿತು. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಭೂನ್ಯಾಯ ಮಂಡಳಿಗಳ ಮುಂದೆ ಗೇಣಿದಾರರು ಕೊಟ್ಟ ಅರ್ಜಿಗಳೂ ಹೇಳಿಕೆಗಳೂ ಸ್ವತಃ ಒಂದು ಪತ್ರಾಗಾರ. ಯಾವ ಹೊಲವನ್ನು ಯಾರು ಎಷ್ಟು ತಲೆಮಾರು ಉತ್ತರು ಎಂಬುದನ್ನು ಉತ್ತವರ ಬಾಯಿಂದಲೇ ಬರೆಸಿಕೊಂಡ ಕಾಗದ ಅದು.

ಈಗಿನ ಪಹಣಿಯಲ್ಲೂ ಈ ಪದರಗಳು ಉಳಿದಿವೆ. ಒಂಬತ್ತನೇ ಕಾಲಮಿನಲ್ಲಿ ಕಬ್ಜೆದಾರನ ಹೆಸರು, ಹನ್ನೊಂದರಲ್ಲಿ ಸಾಲ ಮತ್ತು ಋಣ, ಹನ್ನೆರಡರಲ್ಲಿ ಸಾಗುವಳಿ ಮತ್ತು ಬೆಳೆ. ಪಹಣಿ, ಕಬ್ಜೆ, ಖರಾಬು, ಪೌತಿ ಎಂಬ ಮಾತುಗಳೇ ಒಂದೊಂದು ಆಡಳಿತದ ಗುರುತು. ಮಾಲಿಪಾಟೀಲ, ಪೊಲೀಸ್‌ಪಾಟೀಲ ಎಂಬ ಅಡ್ಡಹೆಸರುಗಳು ಕಂದಾಯ ಎತ್ತಿದ ಮನೆ ಯಾವುದು, ಊರು ಕಾದ ಮನೆ ಯಾವುದು ಎಂದು ಇವತ್ತಿಗೂ ಹೇಳುತ್ತವೆ. 2000ದ ಹೊತ್ತಿಗೆ ಭೂಮಿ ಯೋಜನೆಯಡಿ ಪಹಣಿ ಕಂಪ್ಯೂಟರಿಗೆ ಬಂತು. ರೈತನಿಗೆ ಅದು ಅನುಕೂಲ. ಆದರೆ ಕಂಪ್ಯೂಟರಿಗೆ ಏರಿದ್ದು ಆ ಹೊತ್ತಿನ ಹಕ್ಕು. ಹಿಂದಿನ ಕೈಬರಹದ ಪುಸ್ತಕಗಳಲ್ಲಿ ವರ್ಷ ವರ್ಷ ಬರೆದ ಬೆಳೆಯ ಹೆಸರುಗಳು ನೆಲದ ಚರಿತ್ರೆಗೆ ಅಷ್ಟೇ ಮುಖ್ಯ.

ಕೆಸರಿನ ಪುಟಗಳು

ಬೇಸಾಯ ಇಲ್ಲಿಗೆ ಚಾಲುಕ್ಯರ ಜೊತೆ ಬಂದದ್ದಲ್ಲ. ಕಲ್ಯಾಣ ಕರ್ನಾಟಕದ ದಕ್ಷಿಣದಲ್ಲಿ, ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅಗೆದ ಬೂದಿದಿಬ್ಬ ನವಶಿಲಾಯುಗದ ದನಗಾಹಿಗಳ ನೆಲೆ. ಬಳ್ಳಾರಿಯ ಸಂಗನಕಲ್ಲಿನಂಥ ನೆಲೆಗಳಲ್ಲಿ ಮಣ್ಣನ್ನು ನೀರಿನಲ್ಲಿ ತೇಲಿಸಿ ಸುಟ್ಟ ಕಾಳು ಆಯ್ದ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಇಲ್ಲಿನ ಜನ ಹುರುಳಿ, ಹೆಸರು, ಕೊರಲೆಯಂಥ ಈ ನೆಲದ್ದೇ ಬೆಳೆಗಳನ್ನು ಬೆಳೆಯುತ್ತಿದ್ದರೆಂದು ತೋರಿಸಿದರು. ಇಂದು ಹುಮನಾಬಾದಿನಲ್ಲಿ ಜೂನ್ ಮಳೆಗೆ ಬಿತ್ತುವ ಹೆಸರಿಗೆ ಅಷ್ಟು ಹಳೆಯ ಬೇರು ಇದೆ.

ಸುಟ್ಟ ಕಾಳಿನ ಹಾಗೆಯೇ ಕೆರೆಯ ಹೂಳೂ ಸಾಕ್ಷಿ. ಪ್ರತಿ ಮಳೆಗಾಲ ಕೆರೆಯ ತಳಕ್ಕೆ ಒಂದು ತೆಳು ಪದರ ಮಣ್ಣು ಸೇರುತ್ತದೆ. ಅದರೊಳಗೆ ಸುತ್ತಲಿನ ಗಿಡಗಳ ಪರಾಗ, ಕಾಡು ಸುಟ್ಟ ಇದ್ದಿಲು, ಹೊಲದಿಂದ ಕೊಚ್ಚಿ ಬಂದ ಮಣ್ಣು ಇರುತ್ತದೆ. ಕ್ಯಾಥ್ಲೀನ್ ಮಾರಿಸನ್ ವಿಜಯನಗರದ ಕಮಲಾಪುರ ಕೆರೆಯ ಹೂಳನ್ನು ಹೀಗೆ ಓದಿ, ರಾಜಧಾನಿ ಬೆಳೆದಂತೆ ಸುತ್ತಲಿನ ಸಸ್ಯ ಹೇಗೆ ಬದಲಾಯಿತೆಂದು ತಿಳಿದರು. ಛತ್ತೀಸಗಡದ ದಂಡಕ ಗುಹೆಯ ಸುಣ್ಣದ ಕಂಬವೊಂದರಿಂದ ಕ್ರಿ.ಶ. 600ರಿಂದ 1500ರವರೆಗಿನ ಮುಂಗಾರಿನ ಏರಿಳಿತವನ್ನು ವಿಜ್ಞಾನಿಗಳು 2007ರಲ್ಲಿ ಬಿಡಿಸಿ ತೋರಿಸಿದರು. ಹದಿನಾಲ್ಕು, ಹದಿನೈದನೇ ಶತಮಾನದ ಬರಗಳು ಅದರಲ್ಲಿ ಮೂಡಿವೆ. ಜನ ದುರ್ಗಾದೇವಿ ಎಂದು ನೆನೆದ ಬರಕ್ಕೆ ಗುಹೆಯ ಕಲ್ಲೂ ಸಾಕ್ಷಿ ನುಡಿಯಿತು.

ಬಸವಕಲ್ಯಾಣದ ಪಾಲಿಗೆ ಅಂಥ ಪುಸ್ತಕ ಊರ ಪಕ್ಕದಲ್ಲೇ ಇದೆ, ತ್ರಿಪುರಾಂತಕ ಕೆರೆ. ಶರಣರ ನೆನಪಿನೊಂದಿಗೆ ಬೆಸೆದ ಈ ಕೆರೆಯ ತಳದಿಂದ ಕೊಳವೆಯೊಂದರಲ್ಲಿ ಕದಡದ ಹೂಳನ್ನು ಎತ್ತಿದರೆ ಅದು ಹೇಳಬಲ್ಲ ವಿಷಯಗಳು ಹಲವು: ಊರ ಸುತ್ತ ಕಾಡು ಇದ್ದದ್ದು ಯಾವಾಗ, ಹೊಲ ಹಬ್ಬಿದ್ದು ಯಾವಾಗ, ಕೆರೆಯ ಕೆಳಗೆ ಭತ್ತ ಇತ್ತೇ, ರಾಜಧಾನಿ ಕೈತಪ್ಪಿದ ಮೇಲೆ ಪಾಳು ಬಿದ್ದ ನೆಲದಲ್ಲಿ ಗಿಡಗಂಟಿ ಮತ್ತೆ ಬೆಳೆದವೇ.

ಬಾಯಿ ಮತ್ತು ಕೈ

ಕೊನೆಯ ಸಾಕ್ಷಿ ರೈತರು. ಅವರ ಸಾಕ್ಷ್ಯ ಎಲ್ಲಕ್ಕಿಂತ ಬೇಗ ಕರಗುತ್ತಿದೆ.

ಕೂರಿಗೆಯನ್ನು ನೋಡಿ. ಮೇಲೆ ಮರದ ಬಟ್ಟಲು, ಅದರಿಂದ ಇಳಿಯುವ ಬಿದಿರಿನ ಕೊಳವೆಗಳು, ತುದಿಯಲ್ಲಿ ನೆಲ ಸೀಳುವ ತಾಳುಗಳು. ಬಟ್ಟಲಿಗೆ ಜೋಳ ಬಿಡುತ್ತ ಹೆಂಗಸು ನಡೆದರೆ ಎಲ್ಲ ಸಾಲೂ ಒಂದೇ ಆಳದಲ್ಲಿ, ಒಂದೇ ಅಂತರದಲ್ಲಿ ಬೀಳುತ್ತವೆ. ಇಷ್ಟು ಸಾಲು ಜೋಳಕ್ಕೆ ಒಂದು ಸಾಲು ತೊಗರಿ ಎಂಬ ಅಕ್ಕಡಿಯ ಲೆಕ್ಕ ಮನೆಯಿಂದ ಮನೆಗೆ, ಎರೆಯಿಂದ ಕೆಂಪಿಗೆ ಬೇರೆ. ಅದರ ಹಿಂದೆ ವಿಮೆಯ ತರ್ಕವಿತ್ತು. ಮಳೆ ಮೊದಲೇ ನಿಂತರೆ ಹೆಸರು ಕೈಗೆ ಬಂದಿರುತ್ತದೆ. ತಡವಾಗಿ ಬಂದರೆ ಆಳಕ್ಕೆ ಬೇರು ಬಿಟ್ಟ ತೊಗರಿ ಉಳಿಯುತ್ತದೆ.

ಹಗೇವು ಇನ್ನೊಂದು. ಗಟ್ಟಿ ನೆಲದಲ್ಲಿ ಕೊಡದ ಆಕಾರದ ಗುಂಡಿ ತೋಡಿ, ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಕಿರಿದಾದ ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡದ ಕತ್ತಲಲ್ಲಿ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ದಿನ ಯಾರೂ ನೇರ ಇಳಿಯುತ್ತಿರಲಿಲ್ಲ, ಮೊದಲು ದೀಪ ಇಳಿಬಿಟ್ಟು ಅದು ಆರದೆ ಉರಿದರೆ ಮಾತ್ರ ಇಳಿಯುವುದು. ರಾಜಧಾನಿಯೊಂದು ಬರವನ್ನು ದಾಟಿದ್ದು ಹೇಗೆಂದು ಕೇಳುವವರು ಹಳೆಯ ವಾಡೆಗಳ ಅಂಗಳದ ಇಂಥ ಗುಂಡಿಗಳನ್ನು ಅಳೆಯಬೇಕು. ಒಂದೊಂದು ಊರಿನ ನೆಲದಡಿ ಎಷ್ಟು ಚೀಲ ಹಿಡಿಯುತ್ತಿತ್ತೆಂಬ ಲೆಕ್ಕದಿಂದ ಆ ಊರಿನ ಧೈರ್ಯ ತಿಳಿಯುತ್ತದೆ.

ಎಳ್ಳ ಅಮಾವಾಸ್ಯೆಯ ದಿನ ಈ ಸೀಮೆಯ ಮನೆಗಳು ಖಾಲಿ, ಹೊಲಗಳು ತುಂಬಿರುತ್ತವೆ. ಸಜ್ಜೆ ರೊಟ್ಟಿ, ಹತ್ತಾರು ಕಾಳು ತರಕಾರಿ ಕೂಡಿಸಿದ ಭಜ್ಜಿ, ಜೋಳದ ಅಂಬಲಿ ಹೊತ್ತು ಹೋಗಿ, ದಂಟಿನ ಕೊಂಪೆಯಲ್ಲಿ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ ಚೆಲ್ಲುತ್ತಾರೆ. ಗಡಿಯಾಚೆ ಲಾತೂರ, ಧಾರಾಶಿವ (ಹಿಂದಿನ ಉಸ್ಮಾನಾಬಾದ್) ಸೀಮೆಯ ಮರಾಠಿ ರೈತರೂ ಅದೇ ದಿನ ಅದೇ ಹಬ್ಬ ಮಾಡುತ್ತಾರೆ, ಅವರ ಆಡುಮಾತಿನಲ್ಲಿ ಅದು ‘ಯೆಳವಸ’. ಕನ್ನಡದ ಎಳ್ಳ ಅಮಾವಾಸ್ಯೆಯ ದನಿ ಅದರೊಳಗೆ ಸ್ಪಷ್ಟ. 1956ರ ಗೆರೆ ಕಾಗದದ ಮೇಲೆ ಬಿತ್ತು. ಎರೆಯ ಪಂಚಾಂಗ ಒಂದೇ ಆಗಿ ಉಳಿಯಿತು. ಭಜ್ಜಿಯ ಪಾತ್ರೆಯಲ್ಲಿ ಬೀಳುವ ಕಾಳು ಸೊಪ್ಪುಗಳನ್ನು ಹಳ್ಳಿಹಳ್ಳಿಯಲ್ಲಿ ಬರೆದುಕೊಂಡರೆ, ಹಿಂದೆ ಒಂದೇ ಹೊಲದಲ್ಲಿ ಏನೇನು ಬೆಳೆಯುತ್ತಿತ್ತೆಂಬ ಪಟ್ಟಿ ಸಿಗುತ್ತದೆ.

ಈಗ ಆ ಪಟ್ಟಿ ಕಿರಿದಾಗಿದೆ. ಜಬಲ್ಪುರದಿಂದ 1994ರಲ್ಲಿ ಬಿಡುಗಡೆಯಾದ ಜೆ.ಎಸ್. 335 ತಳಿಯ ನಂತರ ಸೋಯಾ ಈ ಜಿಲ್ಲೆಯನ್ನು ಹಿಡಿಯಿತು. ಇಂದು ಕರ್ನಾಟಕದ ಸೋಯಾ ಎಂದರೆ ಮೊದಲ ಹೆಸರು ಬೀದರ್. ರೈತರ ಆಯ್ಕೆಗೆ ಕಾರಣವಿದೆ. ಸುಮಾರು ನೂರು ದಿನದಲ್ಲಿ ಬೆಳೆ ಕೈಗೆ, ಯಂತ್ರದಿಂದ ರಾಶಿ, ತಕ್ಷಣ ಮಾರುಕಟ್ಟೆ, ಅದೇ ಹೊಲದಲ್ಲಿ ಹಿಂಗಾರಿಗೆ ಕಡಲೆ. ಬಾವಿ, ಬೋರ್‌ವೆಲ್ ಇದ್ದವರು ಕಬ್ಬಿಗೆ ಹೋದರು. ಹುಮನಾಬಾದ್ ಭಾಗದ ಹಳ್ಳಿಖೇಡ (ಬಿ)ಯ ಸಹಕಾರಿ ಸಕ್ಕರೆ ಕಾರ್ಖಾನೆ ಆ ಬದಲಾವಣೆಯ ಹಳೆಯ ಗುರುತು. ಇದರ ಜೊತೆಗೆ ಜೋಳದ ಕಣಿಕೆ ಕಡಿಮೆಯಾಯಿತು, ಕಣಿಕೆ ತಿನ್ನುವ ಎತ್ತು ಕಡಿಮೆಯಾಯಿತು, ಎತ್ತು ಎಳೆಯುವ ಕೂರಿಗೆ ಮಾಡಿನ ಕೆಳಗೆ ಸೇರಿತು. ಒಂದು ಕಾಳಿನ ಬದಲಾವಣೆ ಮೂವತ್ತು ವರ್ಷದೊಳಗೆ ಇಷ್ಟು ದೂರ ನಡೆಯಿತೆಂದರೆ, ಸಾವಿರ ವರ್ಷಗಳಲ್ಲಿ ಇಂಥವು ಎಷ್ಟು ನಡೆದಿರಬೇಕು!

ಮುಂದಿನ ಕೆಲಸ

ಇಷ್ಟನ್ನೂ ನೋಡಿದ ಮೇಲೆ ಮಾಡಬೇಕಾದ ಕೆಲಸದ ರೂಪ ತಿಳಿಯುತ್ತದೆ. ರಾಜ್ಯದ ಮಟ್ಟದ ಇನ್ನೊಂದು ದೊಡ್ಡ ಗ್ರಂಥಕ್ಕಿಂತ ಮೊದಲು ಒಂದೆರಡು ಹಳ್ಳಿಗಳ ಸಣ್ಣ ಅಧ್ಯಯನ ಬೇಕು. ಶಾಸನ ಇರುವ, ಹಳೆಯ ಕೆರೆ ಇರುವ, ಜಾಗೀರಿನ ದಾಖಲೆ ಸಿಗುವ ಹಳ್ಳಿಯನ್ನು ಆರಿಸಿಕೊಂಡು, ಶಾಸನದ ಎಲ್ಲೆಗಳನ್ನು ಈಗಿನ ಸರ್ವೆ ನಂಬರಿನ ನಕ್ಷೆಯ ಮೇಲೆ ಇಟ್ಟು ನೋಡಬೇಕು. ಹೊಲಗಳಿಗೆ ಜನ ಕರೆಯುವ ಹೆಸರುಗಳನ್ನು ಎಪ್ಪತ್ತು ದಾಟಿದವರ ಬಾಯಿಂದ ಬರೆದುಕೊಳ್ಳಬೇಕು. ಕಂಪ್ಯೂಟರಿನಲ್ಲಿ ಬರೀ ನಂಬರಾಗಿರುವ ಹೊಲ ಅವರ ಬಾಯಲ್ಲಿ ಬಾವಿಯ ಹೊಲ, ಗುಡಿಯ ಹೊಲ, ಜೋಡಿ ಹುಣಸೆಯ ಹೊಲ. ಶಾಸನದಲ್ಲಿ ಎಲ್ಲೆಯಾಗಿ ಬಂದ ಹುಣಸೆಯ ಹೆಸರು ಇನ್ನೂ ಯಾವುದಾದರೂ ಹೊಲಕ್ಕೆ ಅಂಟಿಕೊಂಡಿರಬಹುದು.

ಇದರಲ್ಲಿ ತಡ ಮಾಡಬಾರದ ಕೆಲಸ ಹೂಳಿನದು. ಬೇಸಿಗೆಯಲ್ಲಿ ಕೆರೆಗಳ ಹೂಳೆತ್ತುವಾಗ ರೈತರು ಟ್ರ್ಯಾಕ್ಟರ್ ತಂದು ಆ ಕಪ್ಪು ಗೋಡನ್ನು ಹೊಲಕ್ಕೆ ಒಯ್ಯುತ್ತಾರೆ. ಒಳ್ಳೆಯ ಗೊಬ್ಬರ ಅದು, ಒಯ್ಯಲೇಬೇಕು, ಕೆರೆಯಲ್ಲಿ ನೀರೂ ನಿಲ್ಲಬೇಕು. ಯಂತ್ರ ಇಳಿಯುವ ಮುನ್ನ ಒಂದು ದಿನ ಸಾಕು. ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಬಂದು, ಕೆರೆಯ ನಡುವೆ ಒಂದು ಕೊಳವೆ ಇಳಿಸಿ, ಪದರ ಕದಡದಂತೆ ಕೆಸರನ್ನು ಎತ್ತಿ, ಎರಡೂ ಬಾಯಿ ಕಟ್ಟಿ, ಮೇಲೆ ಊರಿನ ಹೆಸರು, ತಾರೀಖು ಬರೆದು ಒಯ್ಯಬೇಕು. ಆಮೇಲೆ ಟ್ರ್ಯಾಕ್ಟರ್ ಸಾಲು ದಂಡೆ ಹತ್ತಲಿ.